ಕಾಯುವ ಕೆಲಸ

(ಸಂಘದ ಸದಸ್ಯರ ಕೂಟದಲ್ಲಿ, ಗ್ರಾಂಟ್ ರೋಡಿನಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಈ ದಿನಗಳಲ್ಲಿ ವೇದಿಕೆಯೇರಿದವರು ನಾಡಿನ ಹಿರಿಮೆಯನ್ನೂ ನುಡಿಯ ಸೊಬಗನ್ನೂ ಕುರಿತು ಮಾತನಾಡುವುದು ವಾಡಿಕೆ. ನಾವು ಇಂದು ಆಯ್ದುಕೊಂಡಿರುವ ವಿಷಯ ಒಂದು ಕಾಯಿಲೆ. ಅದೂ ಎಂತಹ ಕಾಯಿಲೆಯೆಂದರೆ, ಗಂಡಸರು ಅದರ ಹೆಸರನ್ನು ನಾಲ್ವರ ಮುಂದೆ ಎತ್ತಲು ಸಹ ನಾಚುತ್ತಾರೆ. ನಮ್ಮ ಕಾರ್ಯದರ್ಶಿಗಳು ವಿಷಯವನ್ನು ಕೇಳಿ ಒಂದು ಗಳಿಗೆ ಸುಮ್ಮನಿದ್ದರು. ಅನಂತರ, “ಆಗಲಿ, ಯಾರಾದರೂ ಹೇಳಲೇಬೇಕಾದ ಮಾತು” ಎಂದರು. ಅವರಿಗೆ ನಾವು ಕೃತಜ್ಞರು.

ವಿಷಯ ಇಷ್ಟು. ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆಯೆಂದು ತಿಳಿದ ದಿನಕ್ಕೂ ಅದಕ್ಕೆ ಕಿರಣ ಚಿಕಿತ್ಸೆ ಆರಂಭವಾಗುವ ದಿನಕ್ಕೂ ನಡುವೆ ಕೆಲವು ತಿಂಗಳುಗಳು ಬರುತ್ತವೆ. ಆ ತಿಂಗಳುಗಳಲ್ಲಿ ಏನು ನಡೆಯುತ್ತದೆ, ಏನು ನಡೆಯಬೇಕು, ಏನು ನಡೆಯಕೂಡದು ಎಂಬುದನ್ನು ಹೇಳುವುದು ನಮ್ಮ ಉದ್ದೇಶ. ನಾವು ವೈದ್ಯರಲ್ಲ. ಆದರೆ ಕಳೆದ ಆಷಾಢದಿಂದ ಕಾಯುತ್ತಲೇ ಇದ್ದೇವೆ. ಕಾರ್ತಿಕ ಮಾಸದಲ್ಲಿ ನಮ್ಮ ಸರದಿ ಬರುವುದೆಂದು ಹೇಳಿದ್ದಾರೆ. ಕಾದವರಿಗೆ ತಿಳಿದಿರುವ ಸಂಗತಿಗಳನ್ನು ಕಾಯಬೇಕಾಗಿ ಬರುವವರಿಗೆ ತಿಳಿಸುವುದಕ್ಕೆ ವೈದ್ಯರೇ ಆಗಬೇಕೆಂದಿಲ್ಲ.

ಇಲ್ಲಿ ‘ನಾವು’ ಎನ್ನುತ್ತಿರುವುದು ದೊಡ್ಡಸ್ತಿಕೆಗಾಗಿ ಅಲ್ಲ. ಕಾಯಿಲೆ ಇರುವುದು ಒಬ್ಬರ ಮೈಯಲ್ಲಿಯಾದರೂ ಕಾಯುವವರು ಗಂಡ ಹೆಂಡಿರಿಬ್ಬರೂ ಹೌದು. ಸೂಜಿ ಚುಚ್ಚಿಸಿಕೊಂಡವರು ಒಬ್ಬರು. ಆ ರಾತ್ರಿ ನಿದ್ರೆಗೆಟ್ಟವರು ಇಬ್ಬರು. ಆದುದರಿಂದ ಈ ವಿಷಯದಲ್ಲಿ ಏಕವಚನ ಸಲ್ಲದು.

ಮೊದಲು ಗ್ರಂಥಿಯ ಮಾತು. ಪ್ರಾಸ್ಟೇಟ್ ಎಂಬುದು ಗಂಡಸರಿಗೆ ಮಾತ್ರ ಇರುವ, ಅಕ್ರೋಟಿನಷ್ಟು ದಪ್ಪದ ಒಂದು ಗ್ರಂಥಿ. ಅದು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕುಳಿತಿದೆ. ವಯಸ್ಸಾದಂತೆ ಅದು ಊದುವುದು ಸಾಮಾನ್ಯ. ಊದಿದಾಗ ನಾಳ ಇಕ್ಕಟ್ಟಾಗುತ್ತದೆ. ಚರ್ಚ್‌ಗೇಟಿನಿಂದ ಬೋರಿವಲಿಯವರೆಗೆ ಯಾವ ಸ್ಟೇಶನ್ನಿನ ಯಾವ ತುದಿಯಲ್ಲಿ ಮೂತ್ರಿ ಇದೆಯೆಂಬುದು ಅರುವತ್ತು ದಾಟಿದ ನಮ್ಮ ಗಂಡಸರಿಗೆ ಬಾಯಿಪಾಠವಾಗಿರುವುದು ಇದೇ ಕಾರಣದಿಂದ. ಎಲ್ಲ ಊತವೂ ಕ್ಯಾನ್ಸರ್ ಅಲ್ಲ. ಬಹುಪಾಲು ಅಲ್ಲವೇ ಅಲ್ಲ. ಹಾಗೆಯೇ ಕ್ಯಾನ್ಸರ್ ಇದ್ದರೂ ಬಹುಕಾಲ ಯಾವ ತೊಂದರೆಯೂ ಕಾಣದಿರಬಹುದು. ಎರಡನ್ನೂ ಬೇರ್ಪಡಿಸಲು ಪರೀಕ್ಷೆಯೇ ಬೇಕು.

ಪಿ.ಎಸ್.ಎ. ಎಂಬ ರಕ್ತಪರೀಕ್ಷೆ ಮೊದಲ ಮೆಟ್ಟಿಲು. ಆ ಅಂಕಿ ಏರಿದ ಮಾತ್ರಕ್ಕೆ ಕ್ಯಾನ್ಸರ್ ಎಂದು ತೀರ್ಮಾನವಲ್ಲ. ಊತದಿಂದಲೂ ಸೋಂಕಿನಿಂದಲೂ ಅದು ಏರುತ್ತದೆ. ಅನಂತರ ಎಂ.ಆರ್.ಐ. ಚಿತ್ರ, ಆಮೇಲೆ ಬಯಾಪ್ಸಿ. ಸಣ್ಣ ಸೂಜಿಯಿಂದ ಗ್ರಂಥಿಯ ಹಲವು ಕಡೆಗಳಿಂದ ಎಳೆಯಷ್ಟು ಮಾಂಸವನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾರೆ. ಅಲ್ಲಿ ಕಂಡುದಕ್ಕೆ ಅಂಕ ಹಾಕುವ ಕ್ರಮವನ್ನು ಅಮೆರಿಕೆಯ ಡೊನಾಲ್ಡ್ ಗ್ಲೀಸನ್ ಎಂಬ ವೈದ್ಯರು 1960ರ ದಶಕದಲ್ಲಿ ರೂಪಿಸಿದರು. ಇಂದಿಗೂ ಅವರ ಹೆಸರೇ ಅದಕ್ಕಿದೆ. ನಮಗೆ ಬಂದುದು ನಾಲ್ಕು ಮತ್ತು ಮೂರು, ಒಟ್ಟು ಏಳು. ಶಾಲೆಯಲ್ಲಿ ಹತ್ತಕ್ಕೆ ಏಳು ಬಂದರೆ ಸಂತೋಷ. ಇಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ನಡುವಿನ ದರ್ಜೆಯ ಕಾಯಿಲೆ, ಮೂಳೆಗೆ ಹಬ್ಬಿಲ್ಲ, ಆರು ತಿಂಗಳ ಇಂಜೆಕ್ಷನ್, ಇಪ್ಪತ್ತು ದಿನದ ಕಿರಣ ಎಂದು ವೈದ್ಯರು ಹೇಳಿದರು. “ಯಾವಾಗ ಆರಂಭ?” ಎಂದೆವು. “ನವೆಂಬರಿನಲ್ಲಿ” ಎಂದರು. ಅದು ಜುಲೈ ತಿಂಗಳು.

ಕ್ಯಾನ್ಸರ್ ಎಂದ ಬಾಯಲ್ಲಿಯೇ ನಾಲ್ಕು ತಿಂಗಳು ಕಾಯಿರಿ ಎಂದರೆ ಕೇಳಿದವರ ಮನಸ್ಸು ಏನಾಗಬೇಡ? ಮೈಯೊಳಗೆ ಕಳ್ಳನಿದ್ದಾನೆ, ಪೊಲೀಸರು ಕಾರ್ತಿಕದಲ್ಲಿ ಬರುತ್ತಾರೆ ಎಂದಂತಾಯಿತು. ಊರಿನಿಂದ ಬಂಧುಗಳು ಫೋನು ಮಾಡಿ, “ಮುಂಬಯಿಯಲ್ಲಿ ನಿಮ್ಮನ್ನು ಕೇಳುವವರೇ ಇಲ್ಲ, ಇಲ್ಲಿಗೆ ಬಂದುಬಿಡಿ” ಎಂದರು. ನೆರೆಯವರು, “ದುಡ್ಡು ಕೊಟ್ಟರೆ ನಾಳೆಯೇ ಮಾಡುತ್ತಾರೆ” ಎಂದರು. ಇವೆರಡು ಮಾತೂ ಪ್ರೀತಿಯಿಂದ ಬಂದವೇ. ಆದರೆ ಕಾಯುವುದಕ್ಕೆ ಕಾರಣವೇನೆಂದು ಇಬ್ಬರೂ ಕೇಳಲಿಲ್ಲ. ಆ ಕಾರಣಗಳನ್ನು ತಮ್ಮ ಮುಂದೆ ಇಡುತ್ತೇವೆ.

ಮೊದಲನೆಯ ಕಾರಣ ಇಂಜೆಕ್ಷನ್. ಪ್ರಾಸ್ಟೇಟಿನ ಕ್ಯಾನ್ಸರು ಗಂಡಸಿನ ದೇಹದಲ್ಲಿ ಹುಟ್ಟುವ ಟೆಸ್ಟೊಸ್ಟೆರೋನ್ ಎಂಬ ರಸದಿಂದ ಪೋಷಣೆ ಪಡೆಯುತ್ತದೆ. ಆ ರಸವನ್ನು ತಡೆದರೆ ಕ್ಯಾನ್ಸರು ಕುಗ್ಗುತ್ತದೆ. ಇದನ್ನು 1941ರಲ್ಲಿ ಶಿಕಾಗೋ ನಗರದ ಚಾರ್ಲ್ಸ್ ಹಗಿನ್ಸ್ ಎಂಬ ವೈದ್ಯರು ತೋರಿಸಿಕೊಟ್ಟರು. ಅದಕ್ಕಾಗಿ 1966ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಅವರ ಕಾಲದಲ್ಲಿ ಅದಕ್ಕೆ ಶಸ್ತ್ರಕ್ರಿಯೆಯನ್ನು ಮಾಡುತ್ತಿದ್ದರು. ಈಗ ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಕೊಡುವ ಇಂಜೆಕ್ಷನ್ ಸಾಕು. ಮಧ್ಯಮ ಮತ್ತು ತೀವ್ರ ದರ್ಜೆಯ ಕಾಯಿಲೆಯಲ್ಲಿ ಇದನ್ನು ಸಾಮಾನ್ಯವಾಗಿ ಎರಡು ಮೂರು ತಿಂಗಳು ಮೊದಲೇ ಕೊಟ್ಟು, ಗ್ರಂಥಿ ಕುಗ್ಗಿದ ಮೇಲೆ ಕಿರಣಕ್ಕೆ ಕೈ ಹಾಕುತ್ತಾರೆ. ಹಾಗೆಂದ ಮೇಲೆ ಈ ತಿಂಗಳುಗಳು ಚಿಕಿತ್ಸೆಗೆ ಮುಂಚಿನವಲ್ಲ. ಚಿಕಿತ್ಸೆ ಆಗಲೇ ನಡೆಯುತ್ತಿದೆ. ಶ್ರಾವಣದಲ್ಲಿ ಮೊದಲನೆಯ ಇಂಜೆಕ್ಷನ್ ಬಿದ್ದ ಮೇಲೆ ನಮ್ಮ ಕಳ್ಳನಿಗೆ ಅನ್ನ ನೀರು ಕಡಿಮೆಯಾಗತೊಡಗಿತು. ಇದು ತಿಳಿಯುವವರೆಗೆ ನಮಗೆ ಸಮಾಧಾನವಿರಲಿಲ್ಲ.

ಎರಡನೆಯ ಕಾರಣ ಅಳತೆ. ಕಿರಣ ಚಿಕಿತ್ಸೆಯನ್ನು ನಮ್ಮ ಜನರು ‘ಕರೆಂಟ್ ಕೊಡಿಸುವುದು’ ಎನ್ನುತ್ತಾರೆ. ಮುಂಬಯಿಯ ಆಸ್ಪತ್ರೆಗಳಲ್ಲಿ ಹಿಂದಿಯವರು ‘ಸಿಕಾಯಿ’ ಎನ್ನುತ್ತಾರೆ. ಎರಡು ಹೆಸರೂ ಸುಳ್ಳು ಭಯ ಹುಟ್ಟಿಸುತ್ತವೆ. ಅಲ್ಲಿ ವಿದ್ಯುತ್ತಿನ ಆಘಾತವೂ ಇಲ್ಲ, ಶಾಖವೂ ಇಲ್ಲ. ಎಕ್ಸ್-ರೇ ಜಾತಿಯ, ಆದರೆ ಬಹಳ ಬಲವಾದ ಕಿರಣವನ್ನು ಹೊರಗಿನಿಂದ ನಾಲ್ಕಾರು ದಿಕ್ಕುಗಳಲ್ಲಿ ಗ್ರಂಥಿಯ ಮೇಲೆ ಕೂಡಿಸುತ್ತಾರೆ. ಗ್ರಂಥಿಯ ಮೇಲೆ ಮೂತ್ರಕೋಶ, ಹಿಂದೆ ಮಲಾಶಯ. ನಡುವೆ ಬೆರಳಗಲದ ಜಾಗವೂ ಇಲ್ಲ. ಇವೆರಡನ್ನೂ ಆದಷ್ಟು ಉಳಿಸಿ ಗ್ರಂಥಿಗೆ ಮಾತ್ರ ಪೂರ್ಣ ಪ್ರಮಾಣ ತಲಪಬೇಕು. ಆದುದರಿಂದ ಮೊದಲು ಸಿ.ಟಿ. ಯಂತ್ರದಲ್ಲಿ ಮಲಗಿಸಿ ಚಿತ್ರ ತೆಗೆಯುತ್ತಾರೆ. ಪ್ರತಿದಿನವೂ ಅದೇ ಭಂಗಿಯಲ್ಲಿ ಮಲಗಿಸುವುದಕ್ಕಾಗಿ ಚರ್ಮದ ಮೇಲೆ ಹಚ್ಚೆಯ ಚುಕ್ಕೆಗಳನ್ನೋ ಬಣ್ಣದ ಗುರುತುಗಳನ್ನೋ ಇಡುತ್ತಾರೆ. ವೈದ್ಯರು ಆ ಚಿತ್ರದ ಪ್ರತಿಯೊಂದು ಪದರದಲ್ಲಿಯೂ ಗ್ರಂಥಿಯ ಗಡಿಯನ್ನು ಗೆರೆ ಎಳೆದು ಗುರುತಿಸುತ್ತಾರೆ. ಭೌತವಿಜ್ಞಾನ ಬಲ್ಲವರು ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. ಆ ಲೆಕ್ಕವನ್ನು ಮತ್ತೆ ತಾಳೆ ನೋಡುತ್ತಾರೆ. ಇದಕ್ಕೆ ಒಂದೆರಡು ವಾರ ಹಿಡಿಯುವುದುಂಟು. ದರ್ಜಿಯವನು ಅಳತೆ ತೆಗೆಯದೆ ಕತ್ತರಿ ಆಡಿಸಿದರೆ ನಾವು ಸುಮ್ಮನಿರುತ್ತೇವೆಯೆ?

ಮೂರನೆಯ ಕಾರಣ ಬಯಾಪ್ಸಿಯ ಗಾಯ. ಸೂಜಿ ಚುಚ್ಚಿದ ಕಡೆ ರಕ್ತ ಕಟ್ಟಿ ಊದಿರುತ್ತದೆ. ಅದು ಇಳಿಯುವವರೆಗೆ ಚಿತ್ರಗಳು ಮಸುಕಾಗಬಹುದೆಂದು ಕೆಲವು ವಾರ ಬಿಡುವುದುಂಟು.

ನಾಲ್ಕನೆಯ ಕಾರಣ ಸಾಲು. ಇದನ್ನು ಮುಚ್ಚಿಡಬಾರದು. ಯಂತ್ರಗಳು ಕಡಿಮೆ, ರೋಗಿಗಳು ಹೆಚ್ಚು. ಮೊದಲಿನ ಮೂರು ಕಾರಣಗಳು ವೈದ್ಯಶಾಸ್ತ್ರದವು. ಇದು ಮಾತ್ರ ನಮ್ಮ ದೇಶದ ಬಡತನದ್ದು. ಆದುದರಿಂದ ಕಾಯಲು ಹೇಳಿದಾಗ ಅಳುವುದೂ ಬೇಡ, ಜಗಳವೂ ಬೇಡ, ಒಂದೇ ಪ್ರಶ್ನೆ ಕೇಳಿರಿ: “ಈ ಕಾಯುವಿಕೆ ಚಿಕಿತ್ಸೆಗಾಗಿಯೋ, ಸಾಲಿಗಾಗಿಯೋ? ಸಾಲಿಗಾಗಿಯಾದರೆ ಅಷ್ಟು ದಿನ ನಮ್ಮ ಕಾಯಿಲೆಗೆ ತಡೆಯೇನು?” ಪ್ರಾಸ್ಟೇಟಿನ ಕ್ಯಾನ್ಸರು ಸಾಮಾನ್ಯವಾಗಿ ನಿಧಾನ ನಡಿಗೆಯದು. ಇಂಜೆಕ್ಷನ್ ನಡೆಯುತ್ತಿರುವಾಗ ಕೆಲವು ವಾರಗಳ ತಡದಿಂದ ಕೈ ತಪ್ಪುವುದು ವಿರಳ. ಆದರೆ ಈ ಮಾತನ್ನು ಬಾಯಿಯ, ಗಂಟಲಿನ, ಗರ್ಭಕಂಠದ ಕ್ಯಾನ್ಸರಿಗೆ ಯಾರೂ ಅನ್ವಯಿಸಕೂಡದು. ಅಲ್ಲಿ ತಡ ಮಾಡುವುದು ಅಪಾಯ. ನಾವು ಹೇಳುತ್ತಿರುವುದು ಈ ಒಂದು ಕಾಯಿಲೆಯ ಮಾತು ಮಾತ್ರ. ಇದರಲ್ಲಿಯೂ ತೀವ್ರ ದರ್ಜೆಯವರು ತಮ್ಮ ವೈದ್ಯರ ಮಾತನ್ನೇ ನಂಬತಕ್ಕದ್ದು.

ಫಲವೇನೆಂದು ತಾವು ಕೇಳಬಹುದು. ಬ್ರಿಟನ್ನಿನಲ್ಲಿ ಆರಂಭದ ಹಂತದ ಪ್ರಾಸ್ಟೇಟ್ ಕ್ಯಾನ್ಸರಿದ್ದ 1,643 ಜನರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಶಸ್ತ್ರಕ್ರಿಯೆ, ಇನ್ನೊಂದಕ್ಕೆ ಕಿರಣ, ಮತ್ತೊಂದಕ್ಕೆ ಎಚ್ಚರದ ತಪಾಸಣೆ ಮಾತ್ರ ಎಂದು ಹಂಚಿದರು. ಹದಿನೈದು ವರ್ಷಗಳ ಲೆಕ್ಕ 2023ರಲ್ಲಿ ಪ್ರಕಟವಾಯಿತು. ಈ ಕಾಯಿಲೆಯಿಂದ ಸತ್ತವರು ಮೂರು ಗುಂಪೂ ಸೇರಿ 45 ಮಂದಿ. ಎಂದರೆ ನೂರಕ್ಕೆ ಮೂವರಿಗಿಂತ ಕಡಿಮೆ. ಹೆಚ್ಚಾಗಿ ಅದೇ ದೇಶದಲ್ಲಿ 3,216 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, 37 ದಿನ ಕೊಡುತ್ತಿದ್ದ ಕಿರಣವನ್ನು ದಿನಕ್ಕೆ ತುಸು ಹೆಚ್ಚಿಸಿ 20 ದಿನದಲ್ಲಿ ಮುಗಿಸಿದರೂ ಫಲ ಕುಂದದೆಂದು ತೋರಿಸಿತು. ಎರಡು ತಿಂಗಳ ಬಾಡಿಗೆ ಕೋಣೆ ಒಂದು ತಿಂಗಳಿಗೆ ಇಳಿದರೆ ಪರಊರಿನ ಬಡ ರೋಗಿಗೆ ಅದೇನು ಸಣ್ಣ ಲಾಭವೆ?

ನಮ್ಮ ಮುಂಬಯಿಯೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಲೇಡಿ ಮೆಹೆರ್‌ಬಾಯಿ ಟಾಟಾ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಅಂತಹ ಕಾಯಿಲೆಗೆ ನಮ್ಮ ದೇಶದಲ್ಲಿಯೂ ಚಿಕಿತ್ಸೆ ದೊರೆಯಬೇಕೆಂಬ ಹಂಬಲವನ್ನು ಸರ್ ದೋರಾಬ್ಜಿ ಟಾಟಾ ಟ್ರಸ್ಟಿನವರು ಕೈಗೂಡಿಸಿ, 1941ರ ಫೆಬ್ರವರಿ 28ರಂದು ಪರೇಲಿನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯನ್ನು ತೆರೆದರು. 1962ರಲ್ಲಿ ಅದು ಪರಮಾಣು ಶಕ್ತಿ ಇಲಾಖೆಯ ಆಡಳಿತಕ್ಕೆ ಬಂದಿತು. ಹಗಿನ್ಸರ ಶೋಧವೂ ಈ ಆಸ್ಪತ್ರೆಯೂ ಒಂದೇ ವರ್ಷದವು. ತೀವ್ರ ದರ್ಜೆಯ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಗ್ರಂಥಿಗೆ ಮಾತ್ರ ಕಿರಣ ಕೊಟ್ಟರೆ ಸಾಕೆ, ಸುತ್ತಲಿನ ದುಗ್ಧರಸ ಗ್ರಂಥಿಗಳಿಗೂ ಕೊಡಬೇಕೆ ಎಂಬ ಹಳೆಯ ವಾದಕ್ಕೆ ಅಲ್ಲಿಯ ವೈದ್ಯರೇ 224 ರೋಗಿಗಳ ಅಧ್ಯಯನ ನಡೆಸಿ 2021ರಲ್ಲಿ ಉತ್ತರ ಕೊಟ್ಟರು: ಸುತ್ತಲೂ ಕೊಟ್ಟವರಲ್ಲಿ ಕಾಯಿಲೆ ಮರುಕಳಿಸಿದ್ದು ಕಡಿಮೆ. ಲೋಕದ ವೈದ್ಯರು ಈಗ ಪರೇಲಿನ ಆ ಲೆಕ್ಕವನ್ನು ಓದುತ್ತಾರೆ. ಕರ್ನಾಟಕದಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಇದೆ. ಹುಬ್ಬಳ್ಳಿ, ಮಣಿಪಾಲ, ಮಂಗಳೂರುಗಳಲ್ಲಿಯೂ ಕಿರಣ ಚಿಕಿತ್ಸೆ ದೊರೆಯುತ್ತದೆ. ಮನೆಯವರ ಆಸರೆ ಊರಿನಲ್ಲಿದ್ದರೆ ಊರಿಗೆ ಹೋಗುವುದು ಲೇಸು. ಆಸರೆ ಇಲ್ಲಿದ್ದರೆ ಇಲ್ಲಿ ಇರುವುದು ಲೇಸು. ನಡುವೆ ಒಂದೆಡೆಯಿಂದ ಇನ್ನೊಂದೆಡೆಗೆ ಓಡುವುದು ಮಾತ್ರ ಲೇಸಲ್ಲ. ಓಡಿದಲ್ಲೆಲ್ಲ ಪರೀಕ್ಷೆಗಳು ಮೊದಲಿನಿಂದ ಆರಂಭವಾಗಬಹುದು.

ಇನ್ನು ಕಾಯುವ ದಿನಗಳನ್ನು ಕಳೆಯುವುದು ಹೇಗೆ? ನಮ್ಮ ನುಡಿಯೇ ಇಲ್ಲಿ ನಮಗೊಂದು ದಾರಿ ತೋರಿಸಿದೆ. ಕನ್ನಡದಲ್ಲಿ ‘ಕಾಯು’ ಎಂಬ ಒಂದೇ ಮಾತಿಗೆ ಎರಡು ಅರ್ಥ. ಬಸ್ಸಿಗಾಗಿ ಕಾಯುತ್ತೇವೆ, ಬೆಳೆಯನ್ನೂ ಕಾಯುತ್ತೇವೆ. ಮೊದಲನೆಯವನು ಕೈಕಟ್ಟಿ ನಿಂತಿರುತ್ತಾನೆ. ಎರಡನೆಯವನು ಮಂಚಿಕೆಯ ಮೇಲೆ ಕುಳಿತು ಕವಣೆ ಬೀಸುತ್ತಿರುತ್ತಾನೆ. ಇಬ್ಬರೂ ಕಾಯುವವರೇ. ಆದರೆ ಬೆಳೆ ಕಾಯುವವನ ದಿನ ಬರಿದಲ್ಲ. ರೋಗಿಯ ಕಾಯುವಿಕೆ ಈ ಎರಡನೆಯ ಬಗೆಯದಾಗಬೇಕೆಂಬುದೇ ನಮ್ಮ ಇಂದಿನ ಮಾತಿನ ತಿರುಳು.

ರಾಜ್ಯೋತ್ಸವದ ಸಂದರ್ಭದಲ್ಲಿ ಇದಕ್ಕೆ ದೂರದ ನಿದರ್ಶನ ಬೇಕಿಲ್ಲ. 1956ರವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಈ ಮುಂಬಯಿಯ ಆಡಳಿತಕ್ಕೆ ಒಳಪಟ್ಟಿದ್ದವು. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ. ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು 1915ರಲ್ಲಿ. ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಏಕೀಕರಣದ ಪರಿಷತ್ತು ಸೇರಿದ್ದು 1924ರಲ್ಲಿ. ನಾಡು ಒಂದಾದುದು 1956ರ ನವೆಂಬರ್ 1ರಂದು. ಕರ್ನಾಟಕವೆಂಬ ಹೆಸರು ಬಂದುದು 1973ರ ಅದೇ ದಿನ. ಅರುವತ್ತಾರು ವರ್ಷ ಕಾದವರು ಕೈಕಟ್ಟಿ ಕುಳಿತಿದ್ದರೆ ಒಂದಾಗುವ ಹೊತ್ತಿಗೆ ಒಂದಾಗಲು ಏನು ಉಳಿಯುತ್ತಿತ್ತು? ಅವರು ಶಾಲೆ ತೆರೆದರು, ಪುಸ್ತಕ ಬರೆದರು, ಪತ್ರಿಕೆ ನಡೆಸಿದರು. ಕಾಯುತ್ತ ಕಾದರು.

ನಮ್ಮ ಮೈಯೂ ಹಾಗೆ ಕಾಯಬೇಕಾದ ಒಂದು ಸಣ್ಣ ನಾಡು. ಇಂಜೆಕ್ಷನ್ನಿನಿಂದ ಕಾಯಿಲೆ ಕುಗ್ಗುವುದು ನಿಜ. ಅದರ ಜೊತೆಗೆ ಮಾಂಸಖಂಡಗಳು ಸೊರಗುತ್ತವೆ, ಮೂಳೆ ತೆಳುವಾಗುತ್ತದೆ, ಸೊಂಟದ ಸುತ್ತ ಬೊಜ್ಜು ಬರುತ್ತದೆ, ಸಕ್ಕರೆ ಏರುವುದುಂಟು. ಇದಕ್ಕೆ ಮದ್ದು ನಡಿಗೆ ಮತ್ತು ಸಣ್ಣ ಭಾರಗಳನ್ನೆತ್ತುವ ವ್ಯಾಯಾಮ. ನಾವಿಬ್ಬರೂ ಬೆಳಗ್ಗೆ ನಾನಾ ಚೌಕದಿಂದ ಆಗಸ್ಟ್ ಕ್ರಾಂತಿ ಮೈದಾನದವರೆಗೆ ನಡೆಯುತ್ತೇವೆ. ಗೋವಾಲಿಯಾ ಟ್ಯಾಂಕ್ ಎಂದು ಹಿರಿಯರು ಈಗಲೂ ಕರೆಯುವ, 1942ರ ಆಗಸ್ಟಿನಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ ಹುಟ್ಟಿದ ಆ ಮೈದಾನವನ್ನು ಎರಡು ಸುತ್ತು ಹಾಕಿ, ಮರಳುವಾಗ ಗ್ರಾಂಟ್ ರೋಡ್ ಸ್ಟೇಶನ್ನಿನ ಬಳಿಯ ಭಾಜಿ ಗಲ್ಲಿಯಲ್ಲಿ ತರಕಾರಿ ಕೊಂಡು, ಎರಡು ಕೈಗೆ ಎರಡು ಚೀಲ ಹಿಡಿದು ಮೂರು ಮಾಳಿಗೆ ಹತ್ತುತ್ತೇವೆ. ವ್ಯಾಯಾಮಕ್ಕೆ ಬೇರೆ ಖರ್ಚಿಲ್ಲ.

ಇಂಜೆಕ್ಷನ್ನಿನ ಇನ್ನೊಂದು ಕೊಡುಗೆ ಝಳ. ಇದ್ದಕ್ಕಿದ್ದಂತೆ ಎದೆಯಿಂದ ಮುಖಕ್ಕೆ ಬಿಸಿ ಏರಿ ಮೈಯೆಲ್ಲ ಬೆವರುತ್ತದೆ. ಮೊದಲ ಸಲ ಹೀಗಾದಾಗ ಗಾಬರಿಯಿಂದ ಫ್ಯಾನು ಹಾಕಿದರೆ ಮನೆಯವರು ನಕ್ಕು, “ಇದನ್ನು ನಾವು ಹೆಂಗಸರು ಯಾರಿಗೂ ಹೇಳದೆ ವರ್ಷಗಟ್ಟಲೆ ದಾಟಿದ್ದೇವೆ. ಈಗ ಗೊತ್ತಾಯಿತೆ?” ಎಂದರು. ನಲವತ್ತು ವರ್ಷಗಳ ಸಂಸಾರದಲ್ಲಿ ತಿಳಿಯದೆ ಹೋದುದೊಂದು ಸಂಗತಿ ಹೀಗೆ ತಿಳಿಯಿತು. ಬಯಕೆ ತಗ್ಗುವುದು, ಮನಸ್ಸು ಕಾರಣವಿಲ್ಲದೆ ಮುದುಡುವುದು, ಕಣ್ಣಲ್ಲಿ ನೀರು ಬರುವುದು, ಇವೂ ಆ ಔಷಧದ ಪರಿಣಾಮವೆಂದು ಗಂಡಸರು ತಿಳಿದಿರಬೇಕು. ಇದು ಗಂಡಸುತನದ ಸೋಲಲ್ಲ. ಹೆಂಡತಿಯೊಡನೆ ಬಾಯಿ ಬಿಟ್ಟು ಹೇಳಿದರೆ ಅರ್ಧ ಹಗುರ. ವೈದ್ಯರಿಗೆ ಹೇಳಿದರೆ ಉಳಿದರ್ಧಕ್ಕೂ ಏನಾದರೂ ಉಪಾಯವುಂಟು.

ಮೂರನೆಯ ಅಭ್ಯಾಸ ನೀರಿನದು. ಕಿರಣ ಕೊಡುವಾಗ ಮೂತ್ರಕೋಶ ಹದವಾಗಿ ತುಂಬಿರಬೇಕು, ಮಲಾಶಯ ಬರಿದಾಗಿರಬೇಕು. ತುಂಬಿದ ಕೋಶ ಮೇಲೆದ್ದು ಕಿರಣದ ದಾರಿಯಿಂದ ದೂರ ಸರಿಯುತ್ತದೆ. ಇದು ಪ್ರತಿದಿನವೂ ಒಂದೇ ಸಮನಾಗಿರಬೇಕು. ಆದುದರಿಂದ ಹೇಳಿದಷ್ಟು ನೀರನ್ನು ಹೇಳಿದ ಹೊತ್ತಿಗೆ ಕುಡಿದು ಗಡಿಯಾರ ನೋಡುತ್ತ ತಡೆದುಕೊಳ್ಳುವುದನ್ನು ಮನೆಯಲ್ಲಿಯೇ ರೂಢಿ ಮಾಡಬೇಕು. ನಮ್ಮದು ಚಾಳು; ಶೌಚಗೃಹ ಗ್ಯಾಲರಿಯ ಆ ಕೊನೆಗೆ. ರಾತ್ರಿ ನಾಲ್ಕು ಸಲ ಎದ್ದು ಹೋಗುತ್ತಿದ್ದುದನ್ನು ಒಂಬತ್ತು ಕೋಣೆಯವರೂ ಎಣಿಸಿದ್ದಾರೆ. ಈಗ ಬೆಳಗ್ಗೆ ನೀರು ಕುಡಿದು ಗ್ಯಾಲರಿಯಲ್ಲಿ ಅತ್ತಿಂದಿತ್ತ ತಿರುಗಾಡುವಾಗ ನೆರೆಯ ಮರಾಠಿ ಹುಡುಗರು, “ಕಾಕಾ, ಎಷ್ಟು ನಿಮಿಷವಾಯಿತು?” ಎಂದು ಕೇಳುತ್ತಾರೆ. ಚಾಳಿನಲ್ಲಿ ಗುಟ್ಟು ನಿಲ್ಲದು. ನಿಲ್ಲದ ಗುಟ್ಟಿನಿಂದ ಇಷ್ಟು ನೆರವೂ ಆಗುತ್ತದೆ.

ಗುಟ್ಟು ನಿಂತರೆ ಏನಾಗುತ್ತದೆಂಬುದಕ್ಕೆ ಒಂದು ಉದಾಹರಣೆ ಹೇಳಬೇಕಾಗಿದೆ. ಇದೇ ಪೇಟೆಯ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕುಳಿತಿರುತ್ತಿದ್ದ ನಮ್ಮ ಗೆಳೆಯರೊಬ್ಬರು ಮೂತ್ರದ ತೊಂದರೆಯನ್ನು ಎರಡು ವರ್ಷ ಯಾರಿಗೂ ಹೇಳಲಿಲ್ಲ. ಬೆನ್ನು ನೋಯತೊಡಗಿದಾಗ, ಗಲ್ಲೆಯ ಮೇಲೆ ಕುಳಿತು ಕುಳಿತು ನೋವೆಂದು ಎಣ್ಣೆ ತಿಕ್ಕಿಸಿದರು. ಪರೀಕ್ಷೆಯಾಗುವ ಹೊತ್ತಿಗೆ ಕಾಯಿಲೆ ಬೆನ್ನೆಲುಬಿಗೆ ಇಳಿದಿತ್ತು. ಔಷಧದಿಂದ ಮೂರು ವರ್ಷ ನಮ್ಮೊಡನಿದ್ದರು. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ, “ನನಗೆ ಸಹ ಹೇಳಲಿಲ್ಲವಲ್ಲ” ಎಂದರು. ಸಾವಿಗಿಂತ ಆ ಮಾತು ನಮ್ಮನ್ನು ಹೆಚ್ಚು ಕಲಕಿತು. ನಮ್ಮ ಗಂಡಸರಿಗೆ ನಾಚಿಕೆ ಬಂದಷ್ಟು ಬೇಗ ಭಯ ಬರುವುದಿಲ್ಲ. ಭಯ ಬರುವಾಗ ಹೊತ್ತು ಮೀರಿರುತ್ತದೆ.

ಕಾಯುವ ದಿನಗಳಲ್ಲಿಯೂ ಕೆಲವು ಲಕ್ಷಣಗಳಿಗೆ ಕಾಯಕೂಡದು. ಮೂತ್ರ ಪೂರ್ತಿ ಕಟ್ಟಿಹೋದರೆ, ಮೂತ್ರದಲ್ಲಿ ರಕ್ತದ ಗಡ್ಡೆಗಳು ಬಿದ್ದರೆ, ಚಳಿಜ್ವರ ಬಂದರೆ, ಹೊಸದಾಗಿ ಬೆನ್ನು ನೋವು ಕಾಣಿಸಿ ಕಾಲುಗಳು ಸೋಲತೊಡಗಿದರೆ ಅದೇ ದಿನ, ಅದೇ ರಾತ್ರಿ ಆಸ್ಪತ್ರೆಗೆ ಹೋಗತಕ್ಕದ್ದು. ಹಾಗೆಯೇ ಕಾಯುವವರ ಮನೆಗೆ ಔಷಧಗಳು ನಾಲ್ಕು ದಿಕ್ಕಿನಿಂದಲೂ ಬರುತ್ತವೆ. ಒಬ್ಬರು ಎಲೆಯ ಕಷಾಯ ತಂದರು, ಇನ್ನೊಬ್ಬರು ಅಡಿಗೆ ಸೋಡ ಕುಡಿಯಲು ಹೇಳಿದರು, ಮತ್ತೊಬ್ಬರು ಅನ್ನ ಬಿಡಲು ಹೇಳಿದರು. ತಂದವರ ಪ್ರೀತಿಯನ್ನು ಸ್ವೀಕರಿಸೋಣ. ತಂದ ಪದಾರ್ಥವನ್ನು ವೈದ್ಯರಿಗೆ ತೋರಿಸೋಣ. ಇಂಜೆಕ್ಷನ್ನಿನ ತಾರೀಖನ್ನು ಮಾತ್ರ ಯಾವ ಕಷಾಯಕ್ಕಾಗಿಯೂ ತಪ್ಪಿಸಬಾರದು.

ಕಿರಣದ ವಿಷಯದಲ್ಲಿ ಇನ್ನೂ ಒಂದು ತಪ್ಪು ತಿಳಿವಳಿಕೆ ಹಲವು ಮನೆಗಳಲ್ಲಿದೆ. ಹೊರಗಿನ ಯಂತ್ರದಿಂದ ಕಿರಣ ಪಡೆದವರ ಮೈಯಲ್ಲಿ ಕಿರಣ ಉಳಿಯುವುದಿಲ್ಲ. ಯಂತ್ರ ನಿಂತ ಕ್ಷಣವೇ ಅದು ಮುಗಿಯಿತು. ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ಒಂದೇ ತಟ್ಟೆಯಲ್ಲಿ ಉಣ್ಣಬಹುದು. ವಾರಕ್ಕೆ ಐದು ದಿನ, ದಿನಕ್ಕೆ ಹತ್ತು ಹದಿನೈದು ನಿಮಿಷ. ಶನಿವಾರ ಭಾನುವಾರ ಬಿಡುವು. ಕೊನೆಯ ವಾರಗಳಲ್ಲಿ ಮೂತ್ರ ಉರಿಯಬಹುದು, ಮಲ ಪದೇ ಪದೇ ಬರಬಹುದು, ಆಯಾಸವಾಗಬಹುದು. ಬಹುಮಟ್ಟಿಗೆ ಕೆಲವು ವಾರಗಳಲ್ಲಿ ಇಳಿಯುತ್ತದೆ.

ಸಂಘದ ಮುಂದೆ ಒಂದು ಬಿನ್ನಹವಿದೆ. ಗ್ರಾಂಟ್ ರೋಡಿನಲ್ಲಿ ನಿಧಾನದ ಗಾಡಿ ಹತ್ತಿದರೆ ಮುಂಬಯಿ ಸೆಂಟ್ರಲ್, ಮಹಾಲಕ್ಷ್ಮಿ, ಲೋಅರ್ ಪರೇಲ್, ಆಮೇಲೆ ಪ್ರಭಾದೇವಿ. ಅಲ್ಲಿಂದ ಪರೇಲಿನ ಆಸ್ಪತ್ರೆಯ ಹಾದಿ ದೂರವಿಲ್ಲ. ಆ ಹಾದಿಯ ಬದಿಯಲ್ಲಿ ದೇಶದ ಎಲ್ಲ ಭಾಷೆಯ ರೋಗಿಗಳೂ ಅವರ ಮನೆಯವರೂ ಗಂಟುಮೂಟೆಯೊಡನೆ ಕುಳಿತಿರುತ್ತಾರೆ. ದಾದರಿನ ಸಂತ ಗಾಡ್ಗೆ ಮಹಾರಾಜ ಧರ್ಮಶಾಲೆ, ಪರೇಲಿನ ನಾನಾ ಪಾಲಕರ ಸ್ಮೃತಿ ಸಮಿತಿ ಮುಂತಾದವು ಹಲವರಿಗೆ ನೆಲೆ ಕೊಟ್ಟಿವೆ. ಎಲ್ಲರಿಗೂ ಜಾಗ ಸಾಲದು. ಅವರ ನಡುವೆ ರಾಯಚೂರಿನವರು, ಕಲಬುರಗಿಯವರು, ಕಾರವಾರದವರು ಇರುವುದುಂಟು. ಕೌಂಟರಿನಲ್ಲಿ ಹಿಂದಿಯಲ್ಲಿ ಹೇಳಿದುದು ಅವರಿಗೆ ಅರ್ಧ ತಿಳಿದಿರುತ್ತದೆ. ಕಾಯಿರಿ ಎಂದುದು ತಿಳಿಯುತ್ತದೆ. ಏಕೆ ಕಾಯಬೇಕೆಂಬುದು ತಿಳಿಯುವುದಿಲ್ಲ.

ಹಡಗಿನಲ್ಲಿಯೂ ಗಾಡಿಯಲ್ಲಿಯೂ ಬಂದಿಳಿದ ನಮ್ಮವರಿಗೆ ಮೊದಲ ರಾತ್ರಿ ಮಲಗಲು ಹೋಟೆಲಿನ ಮಾಳಿಗೆಯನ್ನೂ, ಓದಲು ರಾತ್ರಿಶಾಲೆಯನ್ನೂ ಕೊಟ್ಟವರು ಮುಂಬಯಿಯ ಕನ್ನಡಿಗರು. ಅವರ ಮಕ್ಕಳಾದ ನಾವು ಕೇಳುವುದು ದೊಡ್ಡ ನಿಧಿಯನ್ನಲ್ಲ. ಒಂದು: ಆಸ್ಪತ್ರೆಯ ದಿನ ಜೊತೆಗೆ ಹೋಗಿ ವೈದ್ಯರ ಮಾತನ್ನು ಕನ್ನಡದಲ್ಲಿ ತಿಳಿಸಿ, ತಾರೀಖುಗಳನ್ನು ಕಾಗದದ ಮೇಲೆ ಬರೆದುಕೊಡುವ ಹತ್ತು ಮಂದಿಯ ಹೆಸರು ಸಂಘದಲ್ಲಿರಲಿ. ಎರಡು: ತಿಂಗಳಿಗೊಂದು ಭಾನುವಾರ ಈ ಕೋಣೆಯನ್ನು ಕಾಯುತ್ತಿರುವವರಿಗೂ ಅವರ ಮನೆಯವರಿಗೂ ಬಿಟ್ಟುಕೊಡಿರಿ, ಚಹ ನಾವು ಕಾಸುತ್ತೇವೆ. ಮೂರು: ಐವತ್ತು ದಾಟಿದ ಸದಸ್ಯರು, ವಿಶೇಷವಾಗಿ ತಂದೆಗೋ ಅಣ್ಣತಮ್ಮಂದಿರಿಗೋ ಈ ಕಾಯಿಲೆ ಬಂದವರು, ಪಿ.ಎಸ್.ಎ. ಪರೀಕ್ಷೆ ತಮಗೆ ಬೇಕೆ ಬೇಡವೆ ಎಂದು ತಮ್ಮ ವೈದ್ಯರನ್ನು ಕೇಳಲಿ. ಕೇಳುವುದಕ್ಕೆ ಶುಲ್ಕವಿಲ್ಲ.

ನಮ್ಮ ವಿಷಯದಲ್ಲಿ ಕಿರಣಗಳು ಏನು ಮಾಡುವ‍ವೆಂದು ಈಗ ಹೇಳಲು ಬಾರದು. ಲೆಕ್ಕಗಳು ನಮ್ಮ ಕಡೆಗಿವೆ. ಲೆಕ್ಕಗಳು ಯಾವ ಒಬ್ಬನಿಗೂ ಮಾತು ಕೊಡುವುದಿಲ್ಲ. ರಾತ್ರಿ ಕೊನೆಯ ಲೋಕಲು ಹೋದ ಮೇಲೆ ಗ್ರಾಂಟ್ ರೋಡು ಒಂದಿಷ್ಟು ಹೊತ್ತು ನಿಶ್ಶಬ್ದವಾಗುತ್ತದೆ. ಆಗ ಹೆದರಿಕೆ ಬರುತ್ತದೆ. ಬರುವುದನ್ನು ಬರುವುದೆಂದೇ ಹೇಳಬೇಕು. ಆದರೆ ಜುಲೈ ತಿಂಗಳ ಹೆದರಿಕೆಗೂ ಇಂದಿನ ಹೆದರಿಕೆಗೂ ವ್ಯತ್ಯಾಸವಿದೆ. ಅಂದು ಏನೂ ಮಾಡದೆ ಕುಳಿತಿದ್ದೇವೆಂದು ಹೆದರಿದ್ದೆವು. ಇಂದು ಮಾಡಬೇಕಾದುದನ್ನು ಮಾಡುತ್ತ ಹೆದರುತ್ತೇವೆ. ಈ ಹೆದರಿಕೆಯನ್ನು ಹೊತ್ತು ನಡೆಯಬಹುದು.

ನಮಗೆ ಕೊಟ್ಟ ತಾರೀಖಿನಿಂದ ಇಪ್ಪತ್ತು ದಿನ ಮುಗಿಯುವಾಗ ಡಿಸೆಂಬರ್ ಅರ್ಧ ಕಳೆದಿರುತ್ತದೆ. ಆ ತಿಂಗಳ ಕೊನೆಯ ಭಾನುವಾರ ಈ ಕೋಣೆಯ ಬಾಗಿಲು ತೆರೆದಿದ್ದರೆ ನಾವಿಬ್ಬರೂ ಬಂದು ಚಹ ಕಾಸುತ್ತೇವೆ. ತಮ್ಮಲ್ಲಿ ಯಾರಿಗಾದರೂ ಹೇಳಲಾಗದ ಮಾತೊಂದಿದ್ದರೆ ಅಂದು ಬನ್ನಿರಿ.